ಧಾರವಾಡದ ಪದವಿ ಕಾಲೇಜೊಂದರ ನೆರವು ಕೇಂದ್ರ: ಆಟಿಸಂ ಇರುವ ವಿದ್ಯಾರ್ಥಿಯ ತಾಯಿಯ ಅಭಿಪ್ರಾಯ

ಆಟಿಸಂ ಇರುವ ನನ್ನ ಮಗ ಧಾರವಾಡದ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿದ್ದು, ಅಲ್ಲಿನ ವಿದ್ಯಾರ್ಥಿ ನೆರವು ಕೇಂದ್ರದ ಸೇವೆಯನ್ನು ಮೊದಲ ಸೆಮಿಸ್ಟರಿನಿಂದಲೂ ಪಡೆಯುತ್ತಿದ್ದಾನೆ. ಪಿಯುಸಿ ಮುಗಿದ ಮೇಲೆ ಮುಂದೇನೆಂದು ಚಿಂತಿಸುತ್ತಿರುವ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ತಂದೆತಾಯಿಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಅಂಗವೈಕಲ್ಯದ ಪ್ರಮಾಣಪತ್ರ ನೀಡುವಾಗ ಐಸಾ ಎಂಬ 40 ಅಂಶಗಳ ಮಾಪನದಿಂದ ಆಟಿಸಂನ ಪ್ರಮಾಣವನ್ನು ಅಳೆಯುತ್ತಾರೆ. ಆದರೆ ಪ್ರಮಾಣಪತ್ರದಲ್ಲಿರುವ ಶೇಕಡಾವಾರು ಅಂಕಿಯಿಂದ ವಿದ್ಯಾರ್ಥಿಗೆ ತರಗತಿಯಲ್ಲಿ ಏನು ಬೇಕೆಂಬುದು ತಿಳಿಯುವುದಿಲ್ಲ. ಕೇಂದ್ರದ ಸಂಯೋಜಕಿಯವರು ನಮ್ಮ ಕಾಗದಪತ್ರಗಳನ್ನು ಪಕ್ಕಕ್ಕಿಟ್ಟು, ಯಾವ ಸದ್ದು ಸಹಿಸಲಾಗುವುದಿಲ್ಲ, ಎಲ್ಲಿ ಕೂತರೆ ಪಾಠ ಕೇಳಿಸುತ್ತದೆ ಎಂದು ಮಗನನ್ನೇ ಕೇಳಿ, ಅವನು ನಿಧಾನವಾಗಿ ಕೊಟ್ಟ ಉತ್ತರಗಳನ್ನು ಬರೆದುಕೊಂಡರು. ಈಗ ಕೊಠಡಿ ಬದಲಾದರೂ ಇಂಟರ್ನಲ್ ಪರೀಕ್ಷೆ ಮುಂದಕ್ಕೆ ಹೋದರೂ ಹಿಂದಿನ ಸಂಜೆಯೇ ಅವನ ಮೊಬೈಲಿಗೆ ಸಂದೇಶ ಬರುತ್ತದೆ. ಬೇರೆಯವರು ಗಮನಿಸದೇ ಬಿಡುವಂಥ ಬದಲಾವಣೆಯೂ ಅವನ ಇಡೀ ದಿನವನ್ನು ಕೆಡಿಸಬಲ್ಲದು. ಆದ್ದರಿಂದ ಈ ಒಂದು ಸಂದೇಶದ ಬೆಲೆ ನನಗೆ ಗೊತ್ತು. ಗ್ಯಾದರಿಂಗ್‌ನಂಥ ಗದ್ದಲದ ದಿನಗಳಲ್ಲಿ ಗ್ರಂಥಾಲಯದ ಪಕ್ಕದ ಚಿಕ್ಕ ಕೊಠಡಿಯಲ್ಲಿ ದೀಪ ಆರಿಸಿಕೊಂಡು ಕೂರಲು ಅವಕಾಶವಿದೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣವಿದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳು ಮೀಸಲು. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಇದರ ಅರ್ಜಿಯನ್ನು ಕಾಲೇಜಿನ ನೆರವು ಕೇಂದ್ರದವರೇ ತಪ್ಪದೆ ಸಲ್ಲಿಸುತ್ತಾರೆ. ಆದರೆ ಮೂರು ಗಂಟೆ ಮುಗಿದೊಡನೆ ಹೊಸ ಮೇಲ್ವಿಚಾರಕರು ಬಂದು, ಇನ್ನೂ ಏಕೆ ಬರೆಯುತ್ತಿದ್ದೀಯ ಎಂದು ಗದರಿದ ಪ್ರಸಂಗ ನಡೆದಿದೆ. ಆ ಮಾತಿನ ನಂತರ ಅವನಿಗೆ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಸಮಯ ಕೊಟ್ಟರಷ್ಟೇ ಸಾಲದು, ಪರೀಕ್ಷಾ ಕೊಠಡಿಯಲ್ಲಿರುವ ಎಲ್ಲ ಸಿಬ್ಬಂದಿಗೂ ಅದನ್ನು ಮೊದಲೇ ತಿಳಿಸಬೇಕು.

ಗುಂಪಾಗಿ ಮಾಡುವ ಸೆಮಿನಾರುಗಳಲ್ಲಿ ನೆರವು ತೀರ ಕಡಿಮೆ. ಯಾರ ಪಾಲಿಗೆ ಯಾವ ಕೆಲಸವೆಂದು ಯಾರೂ ಬರೆದುಕೊಡುವುದಿಲ್ಲವಾದ್ದರಿಂದ ಮಗ ಮೂಲೆಗೆ ಸರಿದುಬಿಡುತ್ತಾನೆ. ಇಂಟರ್ನ್‌ಶಿಪ್ ಮತ್ತು ಉದ್ಯೋಗದ ವಿಷಯದಲ್ಲಿ ಕೇಂದ್ರ ಇನ್ನೂ ಏನನ್ನೂ ಆರಂಭಿಸಿಲ್ಲ. ಇದೆಲ್ಲಕ್ಕಿಂತ ನನ್ನನ್ನು ಕಾಡುವುದು, ಇಡೀ ವ್ಯವಸ್ಥೆ ಆ ಒಬ್ಬ ಸಂಯೋಜಕಿಯವರ ಮೇಲೆ ನಿಂತಿರುವುದು. ಅವರು ರಜೆಯಲ್ಲಿದ್ದ ವಾರ ಸಂದೇಶಗಳು ನಿಂತವು, ಮಗ ಕಾಲೇಜಿಗೆ ಹೋಗುವುದನ್ನೂ ನಿಲ್ಲಿಸಿದ. ಇನ್ನೊಬ್ಬರನ್ನು ತರಬೇತುಗೊಳಿಸಿ ಎಂದು ಪ್ರಾಂಶುಪಾಲರಿಗೆ ಪತ್ರ ಕೊಟ್ಟಿದ್ದೇನೆ.

ಇಷ್ಟಾದರೂ ಈ ಕೇಂದ್ರವಿರುವ ಕಾಲೇಜನ್ನೇ ನಾನು ಮತ್ತೆ ಆರಿಸುತ್ತೇನೆ. ಸೇರಿಸಲು ಬಯಸುವವರು ಯುಡಿಐಡಿ ಕಾರ್ಡನ್ನು (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪ್ರವೇಶಕ್ಕೆ ಮೊದಲೇ ಮಾಡಿಸಿಕೊಳ್ಳಿ. ತರಗತಿಗಳು ಶುರುವಾಗುವ ಮುನ್ನ, ಆವರಣ ಖಾಲಿಯಿರುವಾಗ ಮಕ್ಕಳನ್ನು ಕರೆದೊಯ್ದು ತರಗತಿ, ಶೌಚಾಲಯ, ಬಸ್ ನಿಲ್ದಾಣದ ದಾರಿಯನ್ನು ತೋರಿಸಿ. ಕೇಳಿಕೊಂಡರೆ ಕೇಂದ್ರದವರೇ ಜೊತೆಗೆ ಬರುತ್ತಾರೆ.