ಅಲರ್ ನಿಘಂಟಿನಲ್ಲಿ ‘ವಿಷಾದ’

ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 1.5 ಲಕ್ಷಕ್ಕೂ ಹೆಚ್ಚು ಪದಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತದೆ. ಉಚ್ಚಾರಣೆಯ ಹೋಲಿಕೆಯನ್ನು ಆಧರಿಸಿ ಹುಡುಕುವ ವ್ಯವಸ್ಥೆ ಇರುವುದರಿಂದ ಕಾಗುಣಿತ ಸ್ವಲ್ಪ ತಪ್ಪಿದರೂ ಪದ ಸಿಗುವ ಸಂಭವ ಹೆಚ್ಚು. ಪರಿಶೀಲನೆಗೆ ನಾನು ಆರಿಸಿಕೊಂಡದ್ದು ‘ವಿಷಾದ’ ಮತ್ತು ಅದರ ನೆರೆಹೊರೆಯ ಪದಗಳಾದ ‘ಕ್ಷಮೆ’, ‘ಪಶ್ಚಾತ್ತಾಪ’ಗಳನ್ನು.

ಅರ್ಥ ತಿಳಿಯುವ ಮಟ್ಟಿಗೆ ಅಲರ್ ನಂಬಲರ್ಹ. ತೊಡಕು ಇರುವುದು ಬಳಕೆಯಲ್ಲಿ. ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ‘ಅರ್ಜುನವಿಷಾದಯೋಗ’ ಎಂಬ ಹೆಸರಿದೆ. ಅಲ್ಲಿ ಅರ್ಜುನ ಇನ್ನೂ ಬಾಣ ಬಿಟ್ಟಿಲ್ಲ, ಆದ್ದರಿಂದ ಆ ವಿಷಾದವು ಮನಸ್ಸು ಕುಸಿದ ಸ್ಥಿತಿಯೇ ಹೊರತು ಮಾಡಿದ ತಪ್ಪಿನ ಅಳಲಲ್ಲ. ಇಂದಿನ ಪ್ರಕಟಣೆಗಳ ‘ಅಡಚಣೆಗೆ ವಿಷಾದಿಸುತ್ತೇವೆ’ ಎಂಬ ಮಾತಿನಲ್ಲಿ ಅದೇ ಪದ ಸೌಜನ್ಯದ ಉಪಚಾರವಾಗಿ, ಹೊಣೆಯನ್ನು ಒಪ್ಪಿಕೊಳ್ಳದೆಯೂ ಹೇಳಬಹುದಾದ ಮಾತಾಗಿ ನಿಂತಿದೆ. ರಾಜಕಾರಣಿಗಳು ‘ವಿಷಾದ ವ್ಯಕ್ತಪಡಿಸಿ’ದಾಗ ಎದುರಾಳಿಗಳು ತೃಪ್ತರಾಗದೆ ‘ಕ್ಷಮೆ ಕೇಳಲಿ’ ಎಂದು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. (ಈ ವಿಷಯದಲ್ಲಿ ಅವರ ಭಾಷಾಜ್ಞಾನವನ್ನು ಮೆಚ್ಚಲೇಬೇಕು.)

ಈ ಪದಗಳು ಯಾವ ಕ್ರಿಯಾಪದದ ಜೊತೆ ಬರುತ್ತವೆ ಎಂಬುದೇ ಅವುಗಳ ಸ್ವಭಾವವನ್ನು ಹೇಳುತ್ತದೆ. ವಿಷಾದವನ್ನು ವ್ಯಕ್ತಪಡಿಸುತ್ತೇವೆ, ಯಾರಲ್ಲೂ ಕೇಳುವುದಿಲ್ಲ. ಕ್ಷಮೆಯನ್ನು ಇನ್ನೊಬ್ಬರಲ್ಲಿ ಕೇಳುತ್ತೇವೆ, ಏಕೆಂದರೆ ಅದು ಕೊಡುವವರ ಸೊತ್ತು. ಪಶ್ಚಾತ್ತಾಪವನ್ನು ಪಡುತ್ತೇವೆ, ಮತ್ತು ನಾವೇ ಮಾಡಿದ, ಇಲ್ಲವೇ ಮಾಡದೆ ಬಿಟ್ಟ ಕೆಲಸವೊಂದು ಅದರ ಹಿಂದೆ ಇರಲೇಬೇಕು. ನೆರೆಮನೆಯವರ ಸಾವಿಗೆ ವಿಷಾದ ಸಲ್ಲುತ್ತದೆ. ಪಶ್ಚಾತ್ತಾಪ ಎಂದರೆ ಪೊಲೀಸರು ವಿಚಾರಣೆಗೆ ಬಂದಾರು. ಅಲರ್‌ನ ವಿವರಣೆಗಳ ಜೊತೆ ಮಾದರಿ ವಾಕ್ಯಗಳಿಲ್ಲದ ಕಾರಣ ಕನ್ನಡವನ್ನು ಹೊಸದಾಗಿ ಕಲಿಯುವವರಿಗೆ ಈ ಗೆರೆಗಳು ಕಾಣುವುದಿಲ್ಲ, ಮತ್ತು ನನ್ನ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಕಾವ್ಯ ಮತ್ತು ಶಾಸನಗಳಿಂದ ಪ್ರಯೋಗಗಳನ್ನು ಉದ್ಧರಿಸುವುದರಿಂದ ಹಳೆಯ ಬಳಕೆಗೆ ಅದನ್ನೇ ನೋಡಬೇಕು. ಆದರೆ ಕಚೇರಿಯ ಪತ್ರವೊಂದನ್ನು ಮುಗಿಸುವ ಅವಸರದಲ್ಲಿ ಅದರ ಸಂಪುಟಗಳನ್ನು ತಿರುವುವ ವ್ಯವಧಾನ ಯಾರಿಗಿದೆ? ಪದದ ಅರ್ಥ ಬೇಕಾದವರಿಗೆ ಅಲರ್ ಸಾಕು. ಕ್ಷಮಾಪಣೆಯ ಪತ್ರ ಬರೆಯುವವರು ಅಲ್ಲಿ ಅರ್ಥ ನೋಡಿದ ಮೇಲೆ, ಕನ್ನಡ ಬಲ್ಲವರೊಬ್ಬರಿಗೆ ಆ ವಾಕ್ಯವನ್ನು ಓದಿ ಕೇಳಿಸುವುದು ಮೇಲು. ಅಲರ್‌ನ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಲಭ್ಯವಿರುವುದರಿಂದ, ಮಾದರಿ ವಾಕ್ಯಗಳನ್ನು ಸೇರಿಸುವ ಕೆಲಸವನ್ನು ಆಸಕ್ತರು ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದು.