ವಾರ್ಡ್ ಸಭೆಗೆ ನಕ್ಷೆ: ಗೂಗಲ್ ಮೈ ಮ್ಯಾಪ್ಸಾ, ಕ್ಯೂಜಿಐಎಸ್ಸಾ?

ಮಳೆಗಾಲಕ್ಕೆ ಮುಂಚೆ ವಾರ್ಡ್ ಸಭೆಯಲ್ಲಿ ನೀರು ನಿಲ್ಲುವ ಜಾಗಗಳನ್ನು ತೋರಿಸಬೇಕಾ? ನಮ್ಮದೇ ನಕ್ಷೆ ಮಾಡಿಕೊಳ್ಳಲು ಇರುವ ಗೂಗಲ್‌ನ ಉಚಿತ ಸೇವೆ ಗೂಗಲ್ ಮೈ ಮ್ಯಾಪ್ಸ್ ಸಾಕು. ಲಿಂಕ್ ಕಳಿಸಿದರೆ ಎಲ್ಲರೂ ಫೋನಿನಲ್ಲೇ ನೋಡಬಹುದು. ಒಂದು ನಕ್ಷೆಗೆ 10 ಪದರ (ಒಂದರ ಮೇಲೊಂದು ಕೂರುವ ಮಾಹಿತಿಯ ಹಾಳೆಗಳು) ಮಾತ್ರ.

ಆದರೆ ಅಲ್ಲೇ ಯಾಕೆ ನೀರು ನಿಲ್ಲುತ್ತದೆ ಅನ್ನೋದು ಮುಖ್ಯ ಅಲ್ವಾ? ಅದಕ್ಕೆ ಕ್ಯೂಜಿಐಎಸ್ ಬೇಕು, ಅಂದರೆ ನಕ್ಷೆ ಮಾಡಿ ವಿಶ್ಲೇಷಿಸುವ ಕಂಪ್ಯೂಟರ್ ತಂತ್ರಾಂಶ. 2002ರಲ್ಲಿ ಶುರುವಾದ ಇದೂ ಉಚಿತವೇ. ಹಳೆಯ ಸರ್ವೆ ನಕ್ಷೆಯನ್ನು ಸ್ಕ್ಯಾನ್ ಮಾಡಿ ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದು. ಜೊತೆಗೆ ನೆಲದ ಎತ್ತರದ ಪದರ ಹಾಕಿ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಕಡೆ ಇಳಿಯುವ ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆ) ಎಲ್ಲಿ ಕಟ್ಟಡ ಅಡ್ಡ ಬಂದಿದೆ ಅಂತ ಕಣ್ಣಿಗೇ ಕಾಣುತ್ತದೆ. ಕಲಿಯಲು ಸಮಯ ಜಾಸ್ತಿ ಬೇಕು, ಕಂಪ್ಯೂಟರೂ ಬೇಕು. ಆದರೂ ಕೆರೆ, ಕಾಲುವೆಯ ವಿಷಯಕ್ಕೆ ನಾನಂತೂ ಇದನ್ನೇ ಹೇಳುತ್ತೇನೆ.

ಬರೀ ಸರ್ವೆ ನಂಬರ್ ಬೇಕಿದ್ದರೆ ಜಾಗದ ಸರ್ವೆ ನಂಬರ್ ತೋರಿಸುವ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ.