ಡ್ರಮ್ ಸೆಟ್‌ಗೆ ರಬ್ಬರ್ ಮ್ಯೂಟ್ ಪ್ಯಾಡ್: ತೋಟದ ಮನೆಯವರಿಗೂ ಬೇಕು

ಸಾಗರದ ಹತ್ತಿರ ನಮ್ಮ ತೋಟದ ಮನೆ. ಪಕ್ಕದ ಮನೆಗೂ ನಮಗೂ ನಡುವೆ ಅಡಿಕೆ ತೋಟ ಇದೆಯಲ್ಲ ಅಂತ ದಿನಾ ಸಂಜೆ ಡ್ರಮ್ಸ್ ಬಾರಿಸುತ್ತಿದ್ದೆ. ಒಂದು ದಿನ ಅಲ್ಲಿನ ಅಜ್ಜಿ ಬಂದು, "ತಮ್ಮಾ, ಹಾಲು ಕರೆಯೋ ಹೊತ್ತಿಗೆ ದನ ಬೆದರುತ್ತೆ" ಅಂದರು. ತುಂಬಾ ಬೇಜಾರಾಯ್ತು.

ಅದಕ್ಕೇ ಈ ಪ್ಯಾಡ್ ತರಿಸಿದೆ. ಸ್ನೇರ್ (ಎದುರಿಗೇ ಇರುವ, ಕೋಲಲ್ಲಿ ಬಾರಿಸುವ ಚಿಕ್ಕ ಡ್ರಮ್) ಮೇಲೆ ಇಟ್ಟರೆ ಮೇಜು ತಟ್ಟಿದಷ್ಟೇ ಸದ್ದು. ಕೋಲು ಚೆನ್ನಾಗಿ ಪುಟಿಯುತ್ತೆ. ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್‌ಗೆ ಮಾತ್ರ ಇದು ಸಾಲದು, ಅದರ ಗುಮ್ ಗುಮ್ ನೆಲದಲ್ಲೇ ಹರಿಯುತ್ತೆ. ಒಳಗೆ ಹಳೇ ಕಂಬಳಿ ತುರುಕಿ, ಕೆಳಗೆ ನಾರಿನ ಚಾಪೆ ಹಾಸಿದೆ. ರಬ್ಬರ್ ವಾಸನೆ ಜಾಸ್ತಿ, ಎರಡು ದಿನ ಜಗಲಿಯಲ್ಲಿಡಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಪ್ಯಾಡ್ ಇದ್ದರೂ ಕೋಲು ಮುಟ್ಟಲ್ಲ. ಮೊನ್ನೆ ಅಜ್ಜಿ ಗಿಣ್ಣು ತಂದುಕೊಟ್ಟು ಕೇಳಿದರು: "ಬಾರಿಸೋದು ಬಿಟ್ಟೇಬಿಟ್ಯಾ?"